ದಿಂಬಿನಿಂದ ತಲೆ ಎತ್ತಿ, ನೋಡೋಣ

"ಇನ್ನು ಇಟ್ಕೊಂಡು ಪ್ರಯೋಜನ ಇಲ್ಲ ಅನ್ಸುತ್ತೆ ಚಿಕ್ಕಮ್ಮ. ಪೈಪ್ ತೆಗೆಸಿ ಮನೆಗೆ ಕರ್ಕೊಂಡು ಹೋಗೋದೇ ಒಳ್ಳೇದೇನೋ."

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಆಫೀಸಿನ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಈ ಮಾತು ಹೇಳಿದವನು ನಾನೇ. ಆ ಕಡೆ ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಗಂಡನ ಮಂಚದ ಪಕ್ಕ ನಿಂತಿದ್ದವರು ಚಿಕ್ಕಮ್ಮ. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕಾಡಂಚು. ಚೆಂಡುಹೂವು, ಅರಿಶಿನ, ಟೊಮೆಟೊ, ಬೀನ್ಸು ಬೆಳೆಯೋ ಊರು. ಬೆಳೆ ಬಂದಾಗ ಕಾಡುಹಂದಿ ಕಾಯೋಕೆ ಗಂಡಸರು ರಾತ್ರಿ ಹೊಲದಲ್ಲೇ ಮಲಗ್ತಾರೆ. ಅವತ್ತು ಜಡಿಮಳೆ ಅಂತ ಚಿಕ್ಕಪ್ಪ ಅಟ್ಟಣೆ ಹತ್ತದೆ ಗುಡಿಸಲಿನ ನೆಲದ ಮೇಲೇ ಚಾಪೆ ಹಾಸಿಕೊಂಡಿದ್ದರು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವರು ಮನೆಗೆ ನಡೆದು ಬಂದಿದ್ದಾರೆ. ಬೆಳಕು ಹರಿಯೋ ಹೊತ್ತಿಗೆ ರೆಪ್ಪೆ ಎತ್ತೋಕಾಗ್ತಿಲ್ಲ, ಮಾತು ತೊದಲುತ್ತಿದೆ, ಎಂಜಲು ನುಂಗೋಕಾಗ್ತಿಲ್ಲ. ಕಟ್ಟುಹಾವು ಕಚ್ಚಿದರೆ ಹೀಗೇ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣೋದಿಲ್ಲ.

ಗುಂಡ್ಲುಪೇಟೆ ಆಸ್ಪತ್ರೆಗೆ ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಹೋದರು. ಹಾವಿನ ವಿಷಕ್ಕೆ ಕೊಡೋ ಔಷಧಿ ಅಲ್ಲೇ ಶುರುವಾಯ್ತು. ಅಷ್ಟರಲ್ಲಿ ಉಸಿರು ಸಣ್ಣಗಾಗುತ್ತಾ ಬಂತು. ಗಂಟಲಿಗೆ ಕೊಳವೆ ಹಾಕಿ, ಅದರ ತುದಿಗೆ ಆಂಬು ಬ್ಯಾಗ್ ಸಿಕ್ಕಿಸಿ, 108 ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಡಿಸಿದರು. ಬೇಗೂರು, ನಂಜನಗೂಡು ದಾಟಿ ಮೈಸೂರು, ಸುಮಾರು ಅರವತ್ತು ಕಿಲೋಮೀಟರು. ಅಷ್ಟು ದೂರ ಆಂಬುಲೆನ್ಸಿನ ಹುಡುಗ ಒಂದು ಕೈ ಸೋತಾಗ ಇನ್ನೊಂದು ಕೈಯಲ್ಲಿ ಆ ಚೀಲ ಅಮುಕುತ್ತಾ ಕೂತಿದ್ದನಂತೆ. ಅಮುಕಿದರೆ ಒಂದು ಉಸಿರು. ಬಿಟ್ಟರೆ ಇಲ್ಲ.

ಕೊಳವೆ ಹಾಕೋದು ಕೆಲವೇ ನಿಮಿಷದ ಕೆಲಸ. ಅದನ್ನ ತೆಗೆಯೋಕೆ ಎಷ್ಟು ದಿನ ಬೇಕು, ಯಾವಾಗ ತೆಗೀಬೇಕು, ಯಾರು ಹೇಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ವೈದ್ಯರಿಗೆ ಅರ್ಧ ಶತಮಾನ ಹಿಡಿದಿದೆ. ಆ ಚರಿತ್ರೆ ನನಗಾಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ಮಾತು ಬಾಯಿಂದ ಬರ್ತಿರಲಿಲ್ಲ.

*

ಚರಿತ್ರೆ ಶುರುವಾಗೋದು ಆ ಚೀಲ ಅಮುಕೋ ಕೈಯಿಂದಲೇ.

1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಮಾಡಿದ ಉಕ್ಕಿನ ಪೆಟ್ಟಿಗೆಯನ್ನ ಪೋಲಿಯೋ ಪೀಡಿತ ಹುಡುಗಿಯೊಬ್ಬಳಿಗೆ ಮೊದಲ ಸಲ ಬಳಸಿದರು. ಕತ್ತಿನ ಕೆಳಗೆ ಇಡೀ ದೇಹ ಪೆಟ್ಟಿಗೆಯೊಳಗೆ. ಒಳಗಿನ ಗಾಳಿ ಹೊರಗೆ ಎಳೆದಾಗ ಎದೆ ಹಿಗ್ಗಿ ಉಸಿರು ಒಳಗೆ ಬರುತ್ತೆ. ಇದಕ್ಕೆ ಕಬ್ಬಿಣದ ಶ್ವಾಸಕೋಶ ಅನ್ನೋ ಹೆಸರು ಬಿತ್ತು. ಆದರೆ ನುಂಗೋ ಶಕ್ತಿಯನ್ನೇ ಪೋಲಿಯೋ ಕಿತ್ತುಕೊಂಡಾಗ ಎಂಜಲೆಲ್ಲಾ ಶ್ವಾಸಕೋಶಕ್ಕೆ ಇಳಿದು ರೋಗಿ ಪೆಟ್ಟಿಗೆಯೊಳಗೇ ಸಾಯುತ್ತಿದ್ದ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಪೋಲಿಯೋ ಬಂತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಅಂಥ ಪೆಟ್ಟಿಗೆ ಒಂದು, ಎದೆಗಷ್ಟೇ ಕಟ್ಟೋ ಸಣ್ಣ ಸಾಧನ ಆರು. ಮೊದಲ ವಾರಗಳಲ್ಲಿ ಉಸಿರಾಟಕ್ಕೆ ತೊಂದರೆಯಾಗಿ ಬಂದ 31 ಮಂದಿಯಲ್ಲಿ 27 ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯರನ್ನ ಕರೆಸಿದರು. ಆಗಸ್ಟ್ 27ರಂದು ವಿವಿ ಅನ್ನೋ 12 ವರ್ಷದ ಹುಡುಗಿಯ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇಟ್ಟು, ಆಪರೇಷನ್ ಥಿಯೇಟರಿನಲ್ಲಿ ಬಳಸೋ ರಬ್ಬರ್ ಚೀಲದಿಂದ ಅವರು ಗಾಳಿ ಒತ್ತಿದರು. ಹುಡುಗಿ ಬದುಕಿದಳು.

ಒಬ್ಬಳನ್ನ ಉಳಿಸಬಹುದು ಅಂತ ಗೊತ್ತಾದ ಮೇಲೆ ಉಳಿದವರನ್ನ ಬಿಡೋದು ಹೇಗೆ? ಅಷ್ಟು ಯಂತ್ರ ಇರಲಿಲ್ಲ. ಮೆಡಿಕಲ್ ವಿದ್ಯಾರ್ಥಿಗಳನ್ನ ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಮಂಚದ ಪಕ್ಕ ಕೂತು ತಿಂಗಳುಗಟ್ಟಲೆ ಚೀಲ ಅಮುಕಿದರು. ಒಂದೊಂದು ಹೊತ್ತಿನಲ್ಲಿ ಎಪ್ಪತ್ತು ರೋಗಿಗಳು ಬರೀ ಕೈಯ ಉಸಿರಿನ ಮೇಲೆ ಬದುಕಿದ್ದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಆ ವಾರ್ಡುಗಳಲ್ಲೇ ಅಂತ ಹೇಳ್ತಾರೆ.

ಈ ಕಥೆಗೆ ಒಂದು ಬಾಲ ಇದೆ, ಅದು ನಮ್ಮ ಜಿಲ್ಲೆಗೆ ನೇರವಾಗಿ ಸೇರಿದ್ದು. ಆ ರಬ್ಬರ್ ಚೀಲ ಉಬ್ಬೋಕೆ ಆಕ್ಸಿಜನ್ ಸಿಲಿಂಡರ್ ಬೇಕೇ ಬೇಕಿತ್ತು. 1950ರ ದಶಕದ ಮಧ್ಯದಲ್ಲಿ ಡೆನ್ಮಾರ್ಕಿನ ಲಾರಿ ಚಾಲಕರು ಮುಷ್ಕರ ಹೂಡಿದಾಗ ಆಸ್ಪತ್ರೆಗಳಿಗೆ ಸಿಲಿಂಡರ್ ಬರೋದೇ ಅನುಮಾನ ಆಯ್ತು. ಹೆನ್ನಿಂಗ್ ರೂಬೆನ್ ಅನ್ನೋ ವೈದ್ಯರು ಹೋಲ್ಗರ್ ಹೆಸ್ಸೆ ಅನ್ನೋ ಎಂಜಿನಿಯರ್ ಜೊತೆ ಸೇರಿ, ಸಿಲಿಂಡರ್ ಇಲ್ಲದಿದ್ದರೂ ಅಮುಕಿ ಬಿಟ್ಟ ತಕ್ಷಣ ತಾನೇ ಹೊರಗಿನ ಗಾಳಿ ಎಳೆದುಕೊಂಡು ಉಬ್ಬೋ ಚೀಲ ಮಾಡಿದರು. 1956ರಲ್ಲಿ ಬಂದ ಅದೇ ಆಂಬು ಬ್ಯಾಗ್. ಗುಂಡ್ಲುಪೇಟೆಯಿಂದ ಮೈಸೂರಿನವರೆಗೆ ನಮ್ಮ ಚಿಕ್ಕಪ್ಪನ ಜೀವ ಹಿಡಿದಿದ್ದು ಒಂದು ಲಾರಿ ಮುಷ್ಕರದ ಕೂಸು.

*

ಕೈಯಲ್ಲಿ ಚೀಲ ಹಿಡಿದು ಕೂತವರಿಗೆ ಒಂದು ಅನುಕೂಲ ಇತ್ತು. ರೋಗಿ ತಾನೇ ಉಸಿರು ಎಳೆಯೋಕೆ ಶುರು ಮಾಡಿದ ಕ್ಷಣ ಚೀಲದಲ್ಲಿ ಅದು ಕೈಗೆ ತಿಳಿಯುತ್ತೆ. ಯಂತ್ರ ಬಂದ ಮೇಲೆ ಆ ಕೈ ಹೋಯ್ತು. 60ರ, 70ರ ದಶಕಗಳಲ್ಲಿ ವೆಂಟಿಲೇಟರುಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿದವು. ರೋಗಿ ಯಂತ್ರದ ಜೊತೆ ಗುದ್ದಾಡಬಾರದು ಅಂತ ನಿದ್ದೆಯ ಔಷಧಿ ಕೊಟ್ಟು ಮಲಗಿಸೋದು ರೂಢಿಯಾಯ್ತು. ಯಂತ್ರದಿಂದ ಬಿಡಿಸೋದು ಮಾತ್ರ ಒಬ್ಬೊಬ್ಬ ಡಾಕ್ಟರದ್ದು ಒಂದೊಂದು ಕೈಚಳಕ.

ಇಂಗ್ಲಿಷಿನಲ್ಲಿ ಇದಕ್ಕೆ ವೀನಿಂಗ್ ಅಂತಾರೆ. ಮಗುವಿಗೆ ಹಾಲು ಬಿಡಿಸೋದಕ್ಕೂ ಅದೇ ಪದ. ನಮ್ಮಜ್ಜಿಯರು ಹಾಲು ಬಿಡಿಸೋಕೆ ಮೊಲೆಗೆ ಬೇವು ಅರೆದು ಹಚ್ಚುತ್ತಿದ್ದರು. ಡಾಕ್ಟರುಗಳೂ ಅದೇ ಥರ ಯೋಚಿಸಿದರು ಅನ್ನಿ, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ತಪ್ಪಿಸೋದು. ಯಂತ್ರ ಕೊಡೋ ಉಸಿರನ್ನ ಇವತ್ತು ಹತ್ತಿದ್ದರೆ ನಾಳೆ ಎಂಟು, ನಾಡಿದ್ದು ಆರು. ಕೇಳೋಕೆ ಸರಿ ಅನ್ಸುತ್ತೆ. ಆದರೆ ಯಾರೂ ಅಳೆದು ನೋಡಿರಲಿಲ್ಲ.

ಅಳೆಯೋ ಕಾಲ ಬಂದದ್ದು 90ರ ದಶಕದಲ್ಲಿ. 1991ರಲ್ಲಿ ಯಾಂಗ್ ಮತ್ತು ಮಾರ್ಟಿನ್ ಟೋಬಿನ್ ಒಂದು ಸರಳ ಲೆಕ್ಕ ಕೊಟ್ಟರು. ಯಂತ್ರದ ನೆರವು ಒಂದು ನಿಮಿಷ ತೆಗೆದು, ರೋಗಿ ಎಷ್ಟು ಸಲ ಉಸಿರಾಡ್ತಾನೆ ಎಣಿಸಿ. ಒಂದು ಉಸಿರಿಗೆ ಎಷ್ಟು ಲೀಟರ್ ಗಾಳಿ ಹೋಗುತ್ತೆ ನೋಡಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ. 105 ದಾಟಿದರೆ, ಅಂದರೆ ನಾಯಿ ಏದುಸಿರು ಬಿಟ್ಟಂತೆ ವೇಗವಾಗಿ, ಮೇಲುಮೇಲಕ್ಕೆ ಉಸಿರಾಡ್ತಿದ್ದರೆ, ಬಿಡಿಸೋ ಪ್ರಯತ್ನ ಸೋಲೋ ಸಾಧ್ಯತೆ ಜಾಸ್ತಿ. 2021ರ ಏಪ್ರಿಲ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆ ಮೊಕದ್ದಮೆಯಲ್ಲಿ ವಿಡಿಯೋ ನೋಡಿ ಉಸಿರು ಎಣಿಸಿ ಸಾಕ್ಷಿ ಹೇಳಿದ ಡಾಕ್ಟರು ನೆನಪಿದ್ದಾರಾ? ಇದೇ ಟೋಬಿನ್.

1995ರಲ್ಲಿ ಸ್ಪೇನಿನ ಎಸ್ಟೆಬಾನ್ ಮತ್ತು ಜೊತೆಗಾರರು ನಾಲ್ಕು ವಿಧಾನಗಳನ್ನ ಒಂದರ ಪಕ್ಕ ಒಂದಿಟ್ಟು ನೋಡಿದರು. ದಿನಕ್ಕೆ ಒಂದು ಸಲ ಯಂತ್ರದ ನೆರವು ತೆಗೆದು ರೋಗಿಯನ್ನ ತಾನೇ ಉಸಿರಾಡೋಕೆ ಬಿಟ್ಟು ನೋಡುವ ವಿಧಾನದಲ್ಲಿ, ಉಸಿರನ್ನ ಹಂತಹಂತವಾಗಿ ಕಡಿಮೆ ಮಾಡುವ ಹಳೇ ಪದ್ಧತಿಗಿಂತ ಸುಮಾರು ಮೂರು ಪಟ್ಟು ಬೇಗ ಕೊಳವೆ ತೆಗೆಯೋಕಾಯ್ತು. ಬೇವು ಹಚ್ಚಿ ಅಭ್ಯಾಸ ತಪ್ಪಿಸೋದು ಬೇಕಿರಲಿಲ್ಲ. "ಇವತ್ತು ನಿನಗಾಗುತ್ತಾ?" ಅಂತ ಕೇಳೋದು ಬೇಕಿತ್ತು.

1996ರಲ್ಲಿ ಅಮೆರಿಕದಲ್ಲಿ ಈಲಿ ಮತ್ತು ಸಂಗಡಿಗರು 300 ರೋಗಿಗಳ ಮೇಲೆ ಇದನ್ನ ಇನ್ನೂ ಸರಳ ಮಾಡಿದರು. ಪ್ರತಿದಿನ ಬೆಳಿಗ್ಗೆ ಒಂದು ಪಟ್ಟಿ ಇಟ್ಟುಕೊಂಡು ರೋಗಿ ತಯಾರಿದ್ದಾನಾ ಅಂತ ಪರೀಕ್ಷೆ, ಪಾಸಾದರೆ ಡಾಕ್ಟರಿಗೆ ಸುದ್ದಿ. ಇಷ್ಟಕ್ಕೇ ಯಂತ್ರದ ಮೇಲಿನ ದಿನ 6ರಿಂದ 4.5ಕ್ಕೆ ಇಳಿಯಿತು. 2000ದಲ್ಲಿ ಶಿಕಾಗೋದ ಕ್ರೆಸ್ ತಂಡ ದಿನಕ್ಕೊಮ್ಮೆ ನಿದ್ದೆಯ ಔಷಧಿ ನಿಲ್ಲಿಸಿ ರೋಗಿಯನ್ನ ಎಬ್ಬಿಸಿತು. 7.3 ದಿನ ಇದ್ದದ್ದು 4.9 ಆಯ್ತು. 2008ರಲ್ಲಿ ಗಿರಾರ್ಡ್ ತಂಡ ಇವೆರಡನ್ನೂ ಜೋಡಿಸಿತು, ಮೊದಲು ಎಬ್ಬಿಸು, ಆಮೇಲೆ ಉಸಿರಾಡಿಸಿ ನೋಡು. ಆ ಗುಂಪಿನಲ್ಲಿ ಒಂದು ವರ್ಷದ ನಂತರ ಬದುಕಿದ್ದವರ ಸಂಖ್ಯೆಯೂ ಹೆಚ್ಚಿತ್ತು.

ದಿನ ಕಡಿಮೆಯಾದರೆ ಏನು ಲಾಭ? ಬಿಲ್ ಮಾತ್ರ ಅಲ್ಲ. ಅದೇ 2008ರಲ್ಲಿ ಲೆವೀನ್ ತಂಡ, ಮೆದುಳು ಸತ್ತು ಅಂಗದಾನ ಮಾಡಿದ 14 ಮಂದಿಯ ವಪೆಯನ್ನ ಪರೀಕ್ಷಿಸಿತು. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು, ನಮ್ಮ ಉಸಿರಿನ ಎತ್ತು. 18ರಿಂದ 69 ಗಂಟೆ ಯಂತ್ರದ ಮೇಲೆ ಇದ್ದಷ್ಟಕ್ಕೇ ಅದರ ಎಳೆಗಳು ಅರ್ಧಕ್ಕೂ ಹೆಚ್ಚು ಸಣ್ಣಗಾಗಿದ್ದವು. ಮೂರು ದಿನ ಹೊಲ ಉಳದ ಎತ್ತು ಹೀಗೆ ಸೊರಗೋದಿಲ್ಲ, ವಪೆ ಸೊರಗುತ್ತೆ. ಬೇಗ ತೆಗೆದರೆ ರೋಗಿ ಸೋತು, ಹತ್ತರಲ್ಲಿ ಒಬ್ಬಿಬ್ಬರಿಗೆ ಆಗುವ ಹಾಗೆ, ಮತ್ತೆ ಕೊಳವೆ ಹಾಕಬೇಕು. ತಡ ಮಾಡಿದರೆ ಎತ್ತೇ ಬಡವಾಗುತ್ತೆ, ಸೋಂಕೂ ಹತ್ತುತ್ತೆ. ಈ ಎರಡರ ನಡುವಿನ ಕಿಂಡಿ ಹುಡುಕೋದೇ ವೀನಿಂಗ್.

ಹತ್ತರಲ್ಲಿ ಆರೇಳು ಮಂದಿ ಮೊದಲ ಪ್ರಯತ್ನದಲ್ಲೇ ಪಾರಾಗ್ತಾರೆ. ಉಳಿದವರ ವಿಷಯದಲ್ಲಿ ನೋಡಬೇಕಾದ್ದು ಬಹಳ. ಯಾವ ಕಾಯಿಲೆಗೆ ಯಂತ್ರ ಹಾಕಿದ್ರೋ ಅದು ವಾಸಿಯಾಯ್ತಾ? ಬೀಡಿ ಸೇದಿ ಸುಟ್ಟ ಶ್ವಾಸಕೋಶವಾ? ಹೃದಯ ತಡೆಯುತ್ತಾ? ಮೈಯಲ್ಲಿ ನೀರು ತುಂಬಿದೆಯಾ? ರಕ್ತದಲ್ಲಿ ಪೊಟ್ಯಾಷಿಯಂ, ಫಾಸ್ಫೇಟ್ ಸರಿ ಇದೆಯಾ? ಹೊಟ್ಟೆಗೆ ಸಾಕಷ್ಟು ಹೋಗ್ತಿದೆಯಾ? ಎಚ್ಚರ ಇದೆಯಾ, ಭ್ರಮೆಯಲ್ಲಿ ಇದ್ದಾನಾ? ಕೆಮ್ಮಿ ಕಫ ತೆಗೆಯೋ ತಾಕತ್ತು ಇದೆಯಾ?

*

ನಮ್ಮ ಚಿಕ್ಕಪ್ಪನ ಪಟ್ಟಿಯಲ್ಲಿ ಇದ್ದ ತೊಡಕು ಒಂದೇ. ಶ್ವಾಸಕೋಶ, ಹೃದಯ ಎಲ್ಲಾ ಗಟ್ಟಿ. ನರ ಮಾತ್ರ ಸ್ನಾಯುವಿಗೆ ಸುದ್ದಿ ಮುಟ್ಟಿಸ್ತಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತೆ. ಒಮ್ಮೆ ಹಾಳಾದದ್ದನ್ನ ಹಾವಿನ ಔಷಧಿ ಸರಿಪಡಿಸೋದಿಲ್ಲ. ನರವೇ ಹೊಸ ತುದಿ ಬೆಳೆಸಿಕೊಳ್ಳಬೇಕು. ಅಷ್ಟು ದಿನ ಯಂತ್ರ ಉಸಿರಾಡಿಸಬೇಕು, ಅಷ್ಟೇ.

ಆದರೆ ಆ ದಿನಗಳಲ್ಲಿ ರೋಗಿ ಹೇಗೆ ಕಾಣ್ತಾನೆ ಅಂದರೆ, ರೆಪ್ಪೆ ಅಲುಗೋದಿಲ್ಲ. ಚಿವುಟಿದರೂ ಕೈ ಎಳೆಯೋದಿಲ್ಲ. ಎಷ್ಟೋ ಸಲ ಕಣ್ಣಿನ ಪಾಪೆಗೆ ಬೆಳಕು ಬಿಟ್ಟರೂ ಕುಗ್ಗೋದಿಲ್ಲ. ಹೆಣದ ಥರ. ಎರಡನೇ ದಿನ ಊರಿನಿಂದ ಬಂದ ನೆಂಟರೊಬ್ಬರು "ಮೆದುಳೇ ಹೋಗದೆ, ಸುಮ್ಕೆ ದುಡ್ಡಿಗೆ ಇಟ್ಕಂಡವ್ರೆ" ಅಂದುಬಿಟ್ಟರು. ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ಏನ್ ಮಾಡನ ಮಗ? ಉಸ್ರು ಅದೆ, ಮಿಷಿನ್ದೋ ಇವುರ್ದೋ ತಿಳೀದು." ನಾನು ಓದಿದವನು ಅಲ್ವಾ? ಹತ್ತು ನಿಮಿಷ ಗೂಗಲ್ ಮಾಡಿದೆ. ಪಾಪೆ ಕುಗ್ಗದಿದ್ದರೆ ಮೆದುಳು ಸತ್ತ ಲಕ್ಷಣ ಅಂತ ಸಿಕ್ಕಿತು. ಮೇಲಿನ ಮಾತು ಹೇಳಿದೆ.

ಚಿಕ್ಕಪ್ಪನನ್ನ ಉಳಿಸಿದ್ದು ಐಸಿಯುನಲ್ಲಿ ಪಾಳಿಯಲ್ಲಿದ್ದ ಒಬ್ಬ ಎಳೆ ಡಾಕ್ಟರು. ಚಿಕ್ಕಮ್ಮ ಸಹಿ ಹಾಕೋಕೆ ಹೋದಾಗ ಅವರು ಪೇಪರು ಕೊಡಲಿಲ್ಲ. "ಅಮ್ಮಾ, ಇದು ಹಾವು. ಸತ್ತ ಹಾಗೆ ಕಾಣ್ತಾರೆ, ಸತ್ತಿರಲ್ಲ. ಇನ್ನೊಂದು ಮೂರು ದಿನ ಕೊಡಿ" ಅಂದರಂತೆ.

ಮೂರನೇ ದಿನ ಸಂಜೆ ಎಡಗಾಲಿನ ಹೆಬ್ಬೆರಳು ಅಲುಗಿತು. ನಾಲ್ಕನೇ ದಿನ ಬೆಳಿಗ್ಗೆ ರೆಪ್ಪೆ ಅರ್ಧ ತೆರೆಯಿತು. ಅವತ್ತು ಯಂತ್ರ ತಪ್ಪಿಸಿ, ಕೊಳವೆಯ ಬಾಯಿಗೆ ಬರೀ ಆಕ್ಸಿಜನ್ ಇಟ್ಟು ನೋಡಿದರು. ನಿಮಿಷಕ್ಕೆ 38 ಉಸಿರು, ಒಂದೊಂದಕ್ಕೆ 220 ಮಿಲಿಲೀಟರು. ಟೋಬಿನ್ ಲೆಕ್ಕದಲ್ಲಿ ಸುಮಾರು 173. ಫೇಲು. ಹಾಗೂ ಬಿಟ್ಟು ನೋಡಿದ್ದಕ್ಕೆ ಇಪ್ಪತ್ತು ನಿಮಿಷಕ್ಕೇ ಬೆವರಿಳಿಯಿತು, ಮತ್ತೆ ಯಂತ್ರ. ನಾನು ಅಷ್ಟು ಹೊತ್ತಿಗೆ ರಜೆ ಹಾಕಿ ಮೈಸೂರಿಗೆ ಬಂದಿದ್ದೆ. ಐದನೇ ದಿನ 24 ಉಸಿರು, 350 ಮಿಲಿಲೀಟರು, ಲೆಕ್ಕ ಸುಮಾರು 69. ಅರ್ಧ ಗಂಟೆ ಬಿಟ್ಟರು, ತಡೆದುಕೊಂಡರು. ಆದರೂ ಹಿರಿಯ ನರ್ಸ್ ಒಬ್ಬರು ಬಂದು ಕೊನೇದಾಗಿ ಒಂದು ಪರೀಕ್ಷೆ ಮಾಡಿದರು.

"ಯಜಮಾನ್ರೇ, ದಿಂಬಿನಿಂದ ತಲೆ ಎತ್ತಿ, ನೋಡೋಣ. ನಾನು ಐದು ಎಣಿಸೋವರ್ಗೂ ಇಳಿಸಬಾರದು."

ಒಂದು, ಎರಡು, ಮೂರಕ್ಕೆ ತಲೆ ಬಿತ್ತು. "ನಾಳೆ ನೋಡೋಣ" ಅಂತ ಹೋದರು. ನನಗೆ ಸಿಟ್ಟು ಬಂತು. ಲೆಕ್ಕ ಪಾಸಾಗಿದೆ, ತಲೆ ಎತ್ತಿದರೆಷ್ಟು ಬಿಟ್ಟರೆಷ್ಟು? ಆಮೇಲೆ ಕೇಳಿದಾಗ ಆ ನರ್ಸ್ ಹೇಳಿದ್ದು ಇಷ್ಟು: "ಆರು ತಿಂಗಳ ಹಿಂದೆ ಸುಳ್ವಾಡಿಯವರನ್ನ ನೋಡಿದ್ರೆ ನೀವು ಹೀಗೆ ಕೇಳ್ತಿರ್ಲಿಲ್ಲ."

*

2018ರ ಡಿಸೆಂಬರ್ 14, ಶುಕ್ರವಾರ. ಚಾಮರಾಜನಗರ ಜಿಲ್ಲೆಯ ಹನೂರು ಭಾಗದ ಸುಳ್ವಾಡಿ. ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ. ಬಂದವರಿಗೆ ಪ್ರಸಾದ ಹಂಚಿದರು. ತಿಂದವರು ವಾಂತಿ ಮಾಡಿಕೊಂಡು ಬೀಳತೊಡಗಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್, ಹೊಲಕ್ಕೆ ಹೊಡೆಯೋ ಕೀಟನಾಶಕ. ಗುಡಿಯ ಆಡಳಿತದ ಜಗಳದಲ್ಲಿ ಬೇಕಂತಲೇ ಬೆರೆಸಿದರು ಅನ್ನೋದು ಪೊಲೀಸರ ಆರೋಪ. 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳು ತುಂಬಿದವು. ವೆಂಟಿಲೇಟರ್ ಬೇಕಾದವರಿಗೆ ಇದ್ದ ದಾರಿ ಒಂದೇ, ನೂರು ಕಿಲೋಮೀಟರಿಗೂ ದೂರದ ಮೈಸೂರು. ಆಂಬುಲೆನ್ಸಿನ ಸಾಲು ಆ ರಾತ್ರಿ ಮೈಸೂರಿನ ಒಂದೊಂದೇ ಆಸ್ಪತ್ರೆಗೆ ಹಂಚಿಹೋಯ್ತು.

ಈ ಜಾತಿಯ ವಿಷಕ್ಕೆ ಒಂದು ಕಳ್ಳ ಗುಣ ಇದೆ. ಮೊದಲ ದಿನ ಬಾಯಿ, ಮೂಗು, ಶ್ವಾಸಕೋಶ ಎಲ್ಲಾ ನೀರಾಡುತ್ತೆ. ಅಟ್ರೋಪಿನ್ ಕೊಟ್ಟು ಅದನ್ನ ಒಣಗಿಸ್ತಾರೆ. ರೋಗಿ ಕಣ್ಣು ಬಿಡ್ತಾನೆ, ಮಾತಾಡ್ತಾನೆ, ಮನೆಯವರಿಗೆ ಹೋದ ಜೀವ ಬಂದಂತಾಗುತ್ತೆ. ಒಂದರಿಂದ ನಾಲ್ಕು ದಿನದೊಳಗೆ, ಎಲ್ಲಾ ಮುಗೀತು ಅನ್ನೋ ಹೊತ್ತಿಗೆ, ಕತ್ತು, ಭುಜ, ಉಸಿರಿನ ಸ್ನಾಯುಗಳು ಸದ್ದಿಲ್ಲದೆ ಸೋಲೋಕೆ ಶುರುವಾಗುತ್ತೆ. ಇದನ್ನ ಮೊದಲು ಸರಿಯಾಗಿ ಗುರುತಿಸಿ ಹೆಸರಿಟ್ಟವರು ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ, 1987ರಲ್ಲಿ. ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಅಂದರು, ನಡುವೆ ಬಂದು ಕಾಡೋದು ಅಂತ. ದೊಡ್ಡ ದೊಡ್ಡ ಲ್ಯಾಬುಗಳಿದ್ದ ದೇಶಗಳಿಗೆ ಕಾಣದ್ದು ಅವರಿಗೆ ಕಂಡದ್ದು ಯಾಕೆ? ಕೀಟನಾಶಕ ಕುಡಿದ ರೈತರು ಅವರ ವಾರ್ಡಿಗೆ ದಿನಾ ಬರ್ತಿದ್ದರು.

ಈ ಸೋಲಿನ ಮೊದಲ ಗುರುತು ಯಾವುದು ಗೊತ್ತಾ? ರೋಗಿಗೆ ದಿಂಬಿನಿಂದ ತಲೆ ಎತ್ತೋಕೆ ಆಗೋದಿಲ್ಲ. ಎಚ್ಚರ ಇದ್ದಾನೆ, ಸ್ಕ್ರೀನಿನ ಮೇಲೆ ಎಲ್ಲಾ ಚೆನ್ನಾಗಿದೆ, ಕತ್ತು ಮಾತ್ರ ಏಳ್ತಿಲ್ಲ ಅಂದರೆ ಕೊಳವೆ ತೆಗೆಯೋಕೆ ಕೈ ಹಾಕಬಾರದು. ಹಾವಿನ ವಿಷದಲ್ಲೂ ಇದೇ ಮಾತು. ಕತ್ತು ಎತ್ತೋಕಾಗದವನಿಗೆ ಕಫ ಬಂದರೆ ಕೆಮ್ಮೋಕೂ ಆಗಲ್ಲ. ಯಾವ ಯಂತ್ರವೂ ಬೇಡದ, ಐದು ಸೆಕೆಂಡಿನ, ಕಾಸು ಖರ್ಚಿಲ್ಲದ ಪರೀಕ್ಷೆ. ಬೇಕಾದ್ದು ಒಂದೇ, ಮಂಚದ ಪಕ್ಕ ಬಂದು ನಿಂತು ಕೇಳೋಕೆ ಒಬ್ಬರು.

ಆರನೇ ದಿನ ಚಿಕ್ಕಪ್ಪ ಐದು ಎಣಿಸೋವರೆಗೂ ತಲೆ ಎತ್ತಿ ಹಿಡಿದರು. ಕೊಳವೆ ತೆಗೆದರು. ಮತ್ತೆ ಹಾಕಬೇಕಾಗಲಿಲ್ಲ.

*

ಇಲ್ಲಿಗೆ ಬರವಣಿಗೆ ನಿಲ್ಲಿಸಬಹುದಿತ್ತು. ಆದರೆ ನಮ್ಮ ಜಿಲ್ಲೆಯ ಹೆಸರನ್ನ ದೇಶವೇ ಕೇಳಿದ್ದು ಇದಕ್ಕಲ್ಲ, ಇನ್ನೆರಡು ವರ್ಷದ ನಂತರದ ಒಂದು ರಾತ್ರಿಗೆ.

ಕೋವಿಡ್ಡಿನಲ್ಲಿ ಲೆಕ್ಕ ತಿರುವುಮುರುವು. ಹಾವು ಕಚ್ಚಿದವನಿಗೆ ಶ್ವಾಸಕೋಶ ಸರಿ ಇದ್ದು ನರ ಕೆಟ್ಟಿರುತ್ತೆ. ಕೋವಿಡ್ ರೋಗಿಗೆ ಶ್ವಾಸಕೋಶವೇ ಕೆಟ್ಟಿರುತ್ತೆ. ಯಂತ್ರದಿಂದ ಬಿಡಿಸೋ ಮಾತು ಎತ್ತಬೇಕಾದರೆ ಮೊದಲು ಆಕ್ಸಿಜನ್ ಪ್ರಮಾಣ ಶೇಕಡಾ 40ರ ಆಸುಪಾಸಿಗೆ ಇಳಿದಿರಬೇಕು. ಅಲ್ಲಿಗೆ ಇಳಿಯೋಕೆ ಒಂದು ವಾರ, ಎರಡು ವಾರ. ಅಷ್ಟೂ ದಿನ, ಅಷ್ಟೂ ರಾತ್ರಿ ಆಕ್ಸಿಜನ್ ಹರೀತಾ ಇರಬೇಕು.

ಎಷ್ಟು ಹರಿಯಬೇಕು? ಆಸ್ಪತ್ರೆಯ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತೆ. ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಎಳೆಯೋ ಒಬ್ಬ ರೋಗಿಗೆ ಅದು ಎಂಟು ಗಂಟೆಗೂ ಬರೋದಿಲ್ಲ. ಮೂಗಿನ ಹೈ ಫ್ಲೋದಲ್ಲಿ 60 ಲೀಟರ್ ಹೋಗ್ತಿದ್ದರೆ ಎರಡು ಗಂಟೆಯೊಳಗೆ ಖಾಲಿ. 15 ಲೀಟರಿನ ಲೆಕ್ಕದಲ್ಲೇ ನೂರು ರೋಗಿಗಳಿದ್ದರೆ ಗಂಟೆಗೆ 13 ಸಿಲಿಂಡರ್, ದಿನಕ್ಕೆ ಮುನ್ನೂರಕ್ಕೂ ಹೆಚ್ಚು. ಐಸಿಯುನಲ್ಲಿ ಮಂಚ ಎಷ್ಟಿದೆ, ವೆಂಟಿಲೇಟರ್ ಎಷ್ಟಿದೆ ಅಂತ ನಾವೆಲ್ಲಾ ಟ್ವಿಟರಿನಲ್ಲಿ ಎಣಿಸ್ತಿದ್ವಿ. ಲಾರಿ ಎಷ್ಟಿದೆ ಅಂತ ಯಾರು ಎಣಿಸಿದರು?

ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಮೆಡಿಕಲ್ ಕಾಲೇಜು ಶುರುವಾದದ್ದು 2016ರಲ್ಲಿ. ಜಿಲ್ಲೆ ಬಂತು, ಕಾಲೇಜು ಬಂತು, ಆದರೆ 2021ರಲ್ಲೂ ಸಿಲಿಂಡರ್ ತುಂಬಿಸಿಕೊಂಡು ಬರೋಕೆ ಮೈಸೂರಿಗೇ ಹೋಗಬೇಕಿತ್ತು. ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಬೆಳಗಾಗೋ ಹೊತ್ತಿಗೆ 24 ಮಂದಿಯ ಸಾವಿನ ಸುದ್ದಿ ರಾಜ್ಯವೆಲ್ಲಾ ಹರಡಿತ್ತು. ಎಲ್ಲರೂ ಆಕ್ಸಿಜನ್ ಇಲ್ಲದೆ ಸತ್ತದ್ದಲ್ಲ ಅನ್ನೋ ಮಾತು ಮೊದಮೊದಲು ಸರ್ಕಾರದ ಕಡೆಯಿಂದ ಬಂತು. ಹೈಕೋರ್ಟ್ ಮುಂದೆ ವಿಷಯ ಹೋಗಿ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಬಂದು ನೋಡಿತು. ಸಾವಿಗೆ ಆಕ್ಸಿಜನ್ ಕೊರತೆಯೇ ಕಾರಣ ಅಂತ ವರದಿ ಕೊಟ್ಟಿತು.

ಆ ರಾತ್ರಿ ಮಲಗಿದ್ದವರಲ್ಲಿ ವೆಂಟಿಲೇಟರ್ ಮೇಲಿದ್ದವರೂ ಇದ್ದರು, ಬರೀ ಮಾಸ್ಕಿನಲ್ಲಿ ಇದ್ದವರೂ ಇದ್ದರು. ನಾಲ್ಕು ದಿನ ಸಿಕ್ಕಿದ್ದರೆ, ಎಂಟು ದಿನ ಸಿಕ್ಕಿದ್ದರೆ ಯಾರು ಬಿಡಿಸಿಕೊಂಡು ಮನೆಗೆ ಬರ್ತಿದ್ದರು, ಯಾರು ಬರ್ತಿರಲಿಲ್ಲ, ಈಗ ಯಾರು ಹೇಳೋಕಾಗುತ್ತೆ? "ಇವತ್ತು ನಿನಗಾಗುತ್ತಾ?" ಅಂತ ಕೇಳೋ ಬೆಳಗೇ ಅವರಿಗೆ ಸಿಗಲಿಲ್ಲ.

ವೀನಿಂಗ್ ಬಗ್ಗೆ ನಾನು ಓದಿದ ಕಾರಣಗಳ ಪಟ್ಟಿಯಲ್ಲಿ ವಯಸ್ಸು ಇದೆ, ಹೃದಯ ಇದೆ, ಪೊಟ್ಯಾಷಿಯಂ ಇದೆ. ಚಾಮರಾಜನಗರದಿಂದ ಮೈಸೂರಿಗಿರೋ ದೂರ ಇಲ್ಲ. ಲಾರಿ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅನ್ನೋದು ಅಪರೂಪಕ್ಕೆ ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಆದರೆ 1952ರ ಕೋಪನ್‌ಹೇಗನ್ನಿನ ಪಾಠ ಅದೇ ಆಗಿತ್ತಲ್ಲ? ಅಲ್ಲಿ ಯಂತ್ರ ಇರಲಿಲ್ಲ, ಮಂಚದ ಪಕ್ಕ ಜನ ಇದ್ದರು. ಕೋವಿಡ್ ಕಾಲದಲ್ಲಿ ನಮ್ಮ ದೇಶದ ಹಲವು ಊರುಗಳಲ್ಲಿ ವೆಂಟಿಲೇಟರ್ ಬಂದಿಳಿದು, ನಡೆಸೋಕೆ ಜನ ಇಲ್ಲದೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಕೂತವು. ಆಮೇಲೆ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸೋ ಘಟಕಗಳು ಜಿಲ್ಲಾ ಆಸ್ಪತ್ರೆಗಳಿಗೆ ಬಂದವು. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೇದೇ ಆಯ್ತು. ಆದರೆ ತಲೆ ಎತ್ತಿಸಿ ಐದು ಎಣಿಸೋ ಆ ನರ್ಸ್ ಥರದವರು ಪ್ರತಿ ಪಾಳಿಯಲ್ಲೂ ಇದ್ದಾರಾ ಅನ್ನೋದನ್ನೂ ನಾವು ಎಣಿಸಬೇಕು.

ಊರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಬಂದು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನನ್ನಂಥವರಿಗೆ ಒಂದು ದಿನ ಇಂಥ ಫೋನ್ ಬಂದೇ ಬರುತ್ತೆ. ಆಗ ಗೂಗಲ್ಲಿಗೆ ಮೊದಲು ಐಸಿಯು ಡಾಕ್ಟರಿಗೆ ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಯಂತ್ರ ಹಾಕಿದ ಕಾರಣ ವಾಸಿಯಾಗ್ತಿದೆಯಾ? ಇವತ್ತು ನಿದ್ದೆಯ ಔಷಧಿ ನಿಲ್ಲಿಸಿ ನೋಡಿದ್ರಾ? ತಾನೇ ಉಸಿರಾಡೋ ಪರೀಕ್ಷೆ ಮಾಡಿದ್ರಾ? ಸೋತಿದ್ದರೆ ಯಾಕೆ ಸೋತರು, ಅದಕ್ಕೆ ಏನು ಮಾಡ್ತಿದ್ದೀರಿ? ಉತ್ತರ ಕೆಲವೊಮ್ಮೆ "ಇನ್ನು ಆಗಲ್ಲ" ಅಂತಲೇ ಬರಬಹುದು. ಬಂದರೆ ಆ ಮಾತನ್ನ ಮಂಚದ ಪಕ್ಕ ನಿಂತು ನೋಡಿದವರ ಬಾಯಿಂದ ಕೇಳಿ. ಕಾರಿಡಾರಿನಲ್ಲಿ ನಿಂತು ನೀವೇ ಹೇಳಬೇಡಿ.

ಚಿಕ್ಕಪ್ಪ ಈಗಲೂ ಹಂದಿ ಕಾಯೋಕೆ ಹೋಗ್ತಾರೆ. ಎಷ್ಟೇ ಮಳೆ ಬರಲಿ, ಅಟ್ಟಣೆ ಮೇಲೇ ಮಲಗ್ತಾರೆ. ಮನೆಗೆ ಬಂದ ಹೊಸದರಲ್ಲಿ ಗಂಟಲು ಕಟ್ಟಿತ್ತು, ಮಾತು ಕಡಿಮೆ. ಆ ವರ್ಷದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಜಗಲಿ ಮೇಲೆ ಇಬ್ಬರೇ ಕೂತಿದ್ವಿ. ಇದ್ದಕ್ಕಿದ್ದ ಹಾಗೆ ಹೇಳಿದರು.

"ನಂಗೆ ಎಲ್ಲಾ ಕೇಳುಸ್ತಿತ್ತು ಕನ್ಲಾ. ಕಣ್ ಬುಡಕ್ಕೆ ಆಯ್ತಿರ್ನಿಲ್ಲ, ಅಷ್ಟೆಯ. ನೀ ಫೋನಲ್ಲಿ ಹೇಳ್ದುದ್ದೂ ಕೇಳುಸ್ತು."

ನನ್ನ ಬಾಯಿ ಒಣಗಿಹೋಯ್ತು. ಅವರು ಎಲೆಯಡಿಕೆ ಚೀಲ ಬಿಚ್ಚುತ್ತಾ ಅಂದರು, "ಬುಡು ಅತ್ಲಗೆ. ನೀನೂ ಹೆದ್ರಿದ್ದೆ."